ವಿದೇಶದ ವಸತಿ ಶಾಲೆ: ಬೇಗ ಕಳಿಸಿದರೆ ಸಿಗುವುದೇನು?

ಬ್ರಿಟನ್ ಸರ್ಕಾರ 2025ರ ಜನವರಿ 1ರಿಂದ ಖಾಸಗಿ ಶಾಲೆಗಳ ಬೋಧನಾ ಶುಲ್ಕ ಮತ್ತು ವಸತಿ ಶುಲ್ಕಗಳ ಮೇಲೆ ಶೇ 20ರಷ್ಟು ವ್ಯಾಟ್ ವಿಧಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು ಅಲ್ಲಿನ ಹೈಕೋರ್ಟ್ ಅದೇ ವರ್ಷದ ಜೂನ್‌ನಲ್ಲಿ ತಳ್ಳಿಹಾಕಿತು. ಡಿಸೆಂಬರ್ ಹೊತ್ತಿಗೆ ಡಾಲರ್ ಎದುರು ರೂಪಾಯಿಯ ಮೌಲ್ಯ 90ರ ಗಡಿ ದಾಟಿತು. ಈ ಮೂರನ್ನೂ ಒಟ್ಟಿಗೆ ಓದಿದವರು ವಿದೇಶದ ವಸತಿ ಶಾಲೆಯ ಆಸೆಯನ್ನು ಮಧ್ಯಮ ವರ್ಗ ಇನ್ನು ಬಿಟ್ಟಂತೆಯೇ ಎಂದುಕೊಂಡರೆ ತಪ್ಪಿಲ್ಲ. ಆದರೆ ಅದೇ ಹೊತ್ತಿನಲ್ಲಿ ಎಂಟು-ಒಂಬತ್ತು ವರ್ಷದ ಮಕ್ಕಳಿಗೂ ಸೀಟು ಇದೆ, ಶುಲ್ಕದಲ್ಲಿ ರಿಯಾಯಿತಿ ಇದೆ ಎನ್ನುವ ಏಜೆಂಟರ ಸಂದೇಶಗಳು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಅನುಕೂಲಸ್ಥರ ಮೊಬೈಲುಗಳಿಗೂ ಬಂದು ಬೀಳುತ್ತಿವೆ. ಶುಲ್ಕ ಏರಿದ ಮೇಲೂ ಸೀಟು ಸುಲಭವಾದದ್ದು ಹೇಗೆ, ಮತ್ತು ಇಷ್ಟು ಎಳೆಯ ಮಗುವನ್ನು ಕಳಿಸುವುದರಿಂದ ಕುಟುಂಬಕ್ಕೆ ನಿಜವಾಗಿ ದಕ್ಕುವುದೇನು ಎಂಬ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡಬೇಕಿದೆ.

ತೆರಿಗೆ ಏರಿತು, ಬಾಗಿಲು ಅಗಲವಾಯಿತು

ಎರಡೂ ಸುದ್ದಿಗಳು ನಿಜ, ಒಂದಕ್ಕೆ ಇನ್ನೊಂದು ಕಾರಣ. ಖಾಸಗಿ ಶಾಲೆಗಳಿಂದ ಬರುವ ತೆರಿಗೆಯಲ್ಲಿ ಸರ್ಕಾರಿ ಶಾಲೆಗಳಿಗೆ 6,500 ಹೊಸ ಶಿಕ್ಷಕರನ್ನು ನೇಮಿಸುವುದಾಗಿ ಲೇಬರ್ ಸರ್ಕಾರ ಹೇಳಿತ್ತು. ಶಾಲೆಗಳು ತೆರಿಗೆಯ ಒಂದಷ್ಟು ಭಾಗವನ್ನು ತಾವೇ ಹೊತ್ತುಕೊಂಡರೂ ಉಳಿದದ್ದು ಪಾಲಕರ ಮೇಲೆಯೇ ಬಿತ್ತು. ಕಷ್ಟಪಟ್ಟು ಶುಲ್ಕ ಹೊಂದಿಸುತ್ತಿದ್ದ ಬ್ರಿಟನ್ನಿನ ಮನೆಗಳು ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸತೊಡಗಿದವು. ಒಂದೇ ವರ್ಷದಲ್ಲಿ ಖಾಸಗಿ ಶಾಲೆಗಳ ವಿದ್ಯಾರ್ಥಿಗಳ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು ಕುಸಿಯಿತು. ಇಂಗ್ಲೆಂಡಿನಲ್ಲಿ ದತ್ತಿ ಸಂಸ್ಥೆಗಳಾಗಿ ನೋಂದಾಯಿತವಾದ ಶಾಲೆಗಳಿಗೆ ಕಟ್ಟಡ ತೆರಿಗೆಯಲ್ಲಿ ಸಿಗುತ್ತಿದ್ದ ವಿನಾಯಿತಿಯೂ 2025ರ ಏಪ್ರಿಲ್‌ನಲ್ಲಿ ನಿಂತಿತು.

ಇದರ ಪೆಟ್ಟು ಹೆಚ್ಚಾಗಿ ತಗುಲಿದ್ದು ಹಳೆಯ, ಹೆಸರುವಾಸಿ ಶಾಲೆಗಳಿಗಲ್ಲ. ಏಳರಿಂದ ಹದಿಮೂರು ವರ್ಷದ ಮಕ್ಕಳಿಗೆಂದೇ ಇರುವ, ನೂರಿನ್ನೂರು ಮಕ್ಕಳ ಸಣ್ಣ ಪ್ರಿಪರೇಟರಿ ಶಾಲೆಗಳಿಗೆ ಹತ್ತು ಹಾಸಿಗೆ ಖಾಲಿಯಾದರೂ ವರ್ಷದ ಲೆಕ್ಕ ಏರುಪೇರಾಗುತ್ತದೆ. ಖಾಲಿ ಹಾಸಿಗೆ ತುಂಬಲು ವಿದೇಶದ ಮಕ್ಕಳು ಬೇಕು. ಅವರನ್ನು ಕರೆತರುವ ಏಜೆಂಟರಿಗೆ ಕಮಿಷನ್ ಕೊಡುವುದು ಶಾಲೆಯೇ. ಹಾಗಾಗಿ ‘ಉಚಿತ ಸಲಹೆ’ ಎಂದು ಕರೆಯುವ ಏಜೆಂಟರಿಗೆ ಸಂಬಳ ಯಾರ ಕಿಸೆಯಿಂದ ಬರುತ್ತದೆ ಎಂಬುದನ್ನು ಪಾಲಕರು ನೆನಪಿನಲ್ಲಿಡಬೇಕು. ರಿಯಾಯಿತಿ ಕೊಡುವ ಶಾಲೆಯೆಲ್ಲ ಕೆಟ್ಟದ್ದೆಂದು ಹೇಳಲಾಗದು. ಆದರೆ ಮಗು ಆರು ವರ್ಷ ಇರಬೇಕಾದ ಶಾಲೆ ಆರು ವರ್ಷ ತಾನೇ ಉಳಿಯುತ್ತದೆಯೇ ಎಂದು ಹಿಂದೆ ಯಾರೂ ಕೇಳಬೇಕಾಗಿರಲಿಲ್ಲ, ಈಗ ಕೇಳಲೇಬೇಕು. ದತ್ತಿ ಸಂಸ್ಥೆಯಾಗಿರುವ ಶಾಲೆಗಳ ವಾರ್ಷಿಕ ಲೆಕ್ಕಪತ್ರ ಇಂಗ್ಲೆಂಡಿನ ಚಾರಿಟಿ ಕಮಿಷನ್‌ನ ಜಾಲತಾಣದಲ್ಲಿ ಯಾರಿಗಾದರೂ ಓದಲು ಸಿಗುತ್ತದೆ.

ಪೌಂಡಿನ ಶುಲ್ಕ, ಅಡಿಕೆಯ ಆದಾಯ

ವರ್ಷಕ್ಕೆ 35,000 ಪೌಂಡ್ ಮೂಲ ಶುಲ್ಕವಿರುವ ಒಂದು ಶಾಲೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 2023ರ ಆರಂಭದಲ್ಲಿ ಒಂದು ಪೌಂಡಿಗೆ ಸುಮಾರು 100 ರೂಪಾಯಿ ಇತ್ತು, ವ್ಯಾಟ್ ಇರಲಿಲ್ಲ. ಖರ್ಚು 35 ಲಕ್ಷ ರೂಪಾಯಿ. 2025ರ ಕೊನೆಗೆ ಪೌಂಡ್ 120ರ ಆಸುಪಾಸಿಗೆ ಬಂದಿತ್ತು. ಶಾಲೆ ಮೂಲ ಶುಲ್ಕವನ್ನು ಒಂದು ಪೌಂಡ್ ಕೂಡ ಏರಿಸದೆ ಪೂರ್ಣ ವ್ಯಾಟ್ ಸೇರಿಸಿದರೆ ಬಿಲ್ 42,000 ಪೌಂಡ್, ಅಂದರೆ 50 ಲಕ್ಷ 40 ಸಾವಿರ ರೂಪಾಯಿ. ತೆರಿಗೆಯಿಂದ ಶೇ 20, ವಿನಿಮಯ ದರದಿಂದ ಶೇ 20, ಒಂದರ ಮೇಲೊಂದು ಕೂತು ಒಟ್ಟು ಏರಿಕೆ ಶೇ 44. ಏಜೆಂಟರು ತೋರಿಸುವ ಶೇ 10ರ ರಿಯಾಯಿತಿಯನ್ನು ಈ ಹಿನ್ನೆಲೆಯಲ್ಲಿ ಇಟ್ಟು ತೂಗಬೇಕು. ಇದಲ್ಲದೆ ವೀಸಾ ಜೊತೆಗೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕವಿದೆ. ಅಲ್ಲಿ ಮಗುವಿನ ಹೊಣೆ ಹೊರುವ ಗಾರ್ಡಿಯನ್‌ನ ಶುಲ್ಕ, ಸಮವಸ್ತ್ರ, ವಿಮಾನ ಟಿಕೆಟ್ಟುಗಳೆಲ್ಲ ಬೇರೆ.

ಇದನ್ನೇ ತೋಟದ ಲೆಕ್ಕಕ್ಕೆ ತಂದರೆ ಚಿತ್ರ ಸ್ಪಷ್ಟವಾಗುತ್ತದೆ. ರಾಶಿ ಅಡಿಕೆಗೆ ಕ್ವಿಂಟಲ್‌ಗೆ 50 ಸಾವಿರ ರೂಪಾಯಿ ಎಂದು ಹಿಡಿದರೆ 50 ಲಕ್ಷಕ್ಕೆ ನೂರು ಕ್ವಿಂಟಲ್ ಒಣ ಅಡಿಕೆ ಬೇಕು. ಎಕರೆಗೆ ಹತ್ತು ಕ್ವಿಂಟಲ್ ಬಂದರೆ ಒಳ್ಳೆಯ ತೋಟ ಎನ್ನುವ ಮಾತಿದೆ. ಹತ್ತು ಎಕರೆಯ ಇಡೀ ಫಸಲು, ಗೊಬ್ಬರ, ಔಷಧಿ, ಕೊನೆ ಕೊಯ್ಯುವವರ ಮತ್ತು ಸುಲಿಯುವವರ ಕೂಲಿ ಏನನ್ನೂ ಕಳೆಯದೆ, ಒಂದು ಮಗುವಿನ ಒಂದು ವರ್ಷಕ್ಕೆ ಸರಿಹೋಗುತ್ತದೆ. ಕೊಳೆ ರೋಗಕ್ಕೆ ಈಗ ಎಲೆಚುಕ್ಕೆ ರೋಗವೂ ಸೇರಿರುವುದರಿಂದ ಫಸಲನ್ನೇ ನಂಬಿ ಆರು ವರ್ಷದ ವಿದೇಶಿ ಖರ್ಚಿಗೆ ಒಪ್ಪಿಕೊಳ್ಳುವುದು ಧೈರ್ಯದ ಮಾತಲ್ಲ, ಜೂಜಿನ ಮಾತು.

ಆದಾಯ ಸಾಕಷ್ಟಿರುವ ಮನೆಗಳಿಗೂ ಸಮಯದ ತೊಡಕಿದೆ. ಬ್ರಿಟನ್ನಿನ ಚೈಲ್ಡ್ ಸ್ಟೂಡೆಂಟ್ ವೀಸಾಕ್ಕೆ ಅರ್ಜಿ ಹಾಕುವಾಗ ಒಂದು ಶೈಕ್ಷಣಿಕ ವರ್ಷದ ಬೋಧನಾ ಮತ್ತು ವಸತಿ ಶುಲ್ಕದಲ್ಲಿ ಕಟ್ಟಿದ್ದು ಬಿಟ್ಟು ಉಳಿದ ಹಣ, ಸತತ 28 ದಿನ ಖಾತೆಯಲ್ಲಿ ಇದ್ದುದನ್ನು ತೋರಿಸಬೇಕು. ಶಾಲೆ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ, ಅರ್ಜಿಯ ಕಾಲ ಜೂನ್-ಜುಲೈ. ದರ ಏರಲಿ ಎಂದು ಅಡಿಕೆಯನ್ನು ಮಂಡಿಗೆ ಹಾಕದೆ ಮಳೆಗಾಲದವರೆಗೆ ಇಟ್ಟುಕೊಳ್ಳುವ ಬೆಳೆಗಾರ ಮೇ ತಿಂಗಳಲ್ಲೇ ಸಿಕ್ಕ ದರಕ್ಕೆ ಮಾರಬೇಕಾಗುತ್ತದೆ. ಉಗ್ರಾಣದಲ್ಲಿರುವ ಅಡಿಕೆ ವೀಸಾ ಅಧಿಕಾರಿಯ ಕಣ್ಣಿಗೆ ಹಣವಲ್ಲ.

ತೆರಿಗೆಯ ಒಂದು ಅಂಶ ಕೃಷಿಕರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ವ್ಯಕ್ತಿ ಹಣಕಾಸು ವರ್ಷವೊಂದರಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಮೊತ್ತ ಒಂದು ಮಿತಿ ದಾಟಿದರೆ ಬ್ಯಾಂಕು ಮೂಲದಲ್ಲೇ ತೆರಿಗೆ, ಅಂದರೆ ಟಿಸಿಎಸ್, ವಸೂಲಿ ಮಾಡುತ್ತದೆ. 2025ರ ಏಪ್ರಿಲ್‌ನಲ್ಲಿ ಈ ಮಿತಿಯನ್ನು 7 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಲಾಯಿತು. ಶಿಕ್ಷಣಕ್ಕೆ ಸ್ವಂತ ಹಣ ಕಳಿಸಿದರೆ ಅದರ ಮೇಲಿನ ಮೊತ್ತಕ್ಕೆ ಆಗ ಶೇ 5ರ ದರವಿತ್ತು. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವಂಥದ್ದು, ಕಳಿಸುವ ದಿನ ಬ್ಯಾಂಕಿನಲ್ಲಿ ಕೇಳಿಯೇ ಮುಂದುವರಿಯಬೇಕು. ಟಿಸಿಎಸ್ ಹೆಚ್ಚುವರಿ ತೆರಿಗೆಯಲ್ಲ, ಕಟ್ಟಬೇಕಾದ ಆದಾಯ ತೆರಿಗೆಗೆ ಅದು ವಜಾ ಆಗುತ್ತದೆ. ಆದರೆ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ತೋಟ ಬಿಟ್ಟರೆ ಬೇರೆ ಆದಾಯವಿಲ್ಲದ ಬೆಳೆಗಾರ, ಈವರೆಗೆ ರಿಟರ್ನ್ಸ್ ಸಲ್ಲಿಸದೇ ಇದ್ದವನು, ವಸೂಲಾದ ಹಣವನ್ನು ವಾಪಸು ಪಡೆಯಲೆಂದೇ ರಿಟರ್ನ್ಸ್ ಸಲ್ಲಿಸಬೇಕಾಗುತ್ತದೆ. ಅಲ್ಲಿಯವರೆಗೆ ಒಂದೆರಡು ಲಕ್ಷ ರೂಪಾಯಿ ಸರ್ಕಾರದ ಬಳಿಯೇ ಕೂತಿರುತ್ತದೆ. ವಿದೇಶದ ಶಾಲಾ ಶುಲ್ಕಕ್ಕೆ ತೆರಿಗೆ ವಿನಾಯಿತಿಯೂ ಇಲ್ಲ: ಬೋಧನಾ ಶುಲ್ಕದ ಕಡಿತ ಭಾರತದೊಳಗಿನ ಶಾಲೆಗಳಿಗೆ ಮಾತ್ರ, ಶಿಕ್ಷಣ ಸಾಲದ ಬಡ್ಡಿಯ ಕಡಿತ ಹನ್ನೆರಡನೇ ತರಗತಿಯ ನಂತರದ ಓದಿಗೆ ಮಾತ್ರ.

ಮನೆ ಬಿಟ್ಟು ಓದುವುದು ಇಲ್ಲಿ ಹೊಸದಲ್ಲ

ಮಲೆನಾಡಿನ ಮಕ್ಕಳು ಎಳವೆಯಲ್ಲೇ ಮನೆ ಬಿಟ್ಟು ಓದುವುದನ್ನು ಕಂಡವರು ವಿದೇಶವೂ ಅದರ ಮುಂದುವರಿಕೆಯೇ ಎಂದು ವಾದಿಸುತ್ತಾರೆ. ಕಾಲುಸಂಕ ದಾಟಿ ಮಳೆಯಲ್ಲಿ ನಡೆಯುವ ಕಷ್ಟ ತಪ್ಪಿಸಲು ಮಕ್ಕಳನ್ನು ಸಾಗರದ ಅಜ್ಜಿ ಮನೆಯಲ್ಲೋ ತೀರ್ಥಹಳ್ಳಿಯ ಹಾಸ್ಟೆಲಿನಲ್ಲೋ ಬಿಡುವುದು ತಲೆಮಾರುಗಳ ರೂಢಿ. ಗಾಜನೂರಿನ ನವೋದಯ ವಿದ್ಯಾಲಯಕ್ಕೆ ಆರನೇ ತರಗತಿಗೆ ಸೇರಿಸಲು ಮನೆಮಂದಿ ಮಗುವಿನೊಂದಿಗೆ ವರ್ಷವಿಡೀ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಾರೆ. ಊರಿನ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಸೊರಗುತ್ತಿರುವಾಗ, ದಿನಕ್ಕೆರಡು ಬಾರಿ ವ್ಯಾನಿನಲ್ಲಿ ಪೇಟೆಯ ಶಾಲೆಗೆ ಹೋಗಿ ಬರುವ ಮಗುವಿನ ಬಳಲಿಕೆ ಕಂಡ ಪಾಲಕರಿಗೆ ವಸತಿ ಶಾಲೆ ಆಕರ್ಷಕವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ವಾದದಲ್ಲಿ ಹುರುಳಿದೆ, ಆದರೆ ಅದು ಒಂದು ವ್ಯತ್ಯಾಸವನ್ನು ಮರೆಯುತ್ತದೆ. ಗಾಜನೂರಿನ ಮಗುವಿಗೆ ಜ್ವರ ಬಂದರೆ ಅಪ್ಪ ಮಾರನೇ ದಿನ ಬೆಳಿಗ್ಗೆಯ ಬಸ್ಸಿನಲ್ಲಿ ಬರುತ್ತಾನೆ. ಇಂಗ್ಲೆಂಡಿನ ಹಳ್ಳಿಗಾಡಿನ ಶಾಲೆಗೆ, ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನ ಸಿಕ್ಕರೂ, ಮನೆಯಿಂದ ಒಂದು ದಿನದೊಳಗೆ ತಲುಪುವುದು ಕಷ್ಟ. ಅದೂ ಪಾಲಕರ ಕೈಯಲ್ಲಿ ಸಂದರ್ಶಕ ವೀಸಾ ಮೊದಲೇ ಇದ್ದರೆ. ಮಗುವಿಗೆ ವೀಸಾ ಮಾಡಿಸುವಾಗಲೇ ತಂದೆ ತಾಯಿಯೂ ದೀರ್ಘಾವಧಿಯ ಸಂದರ್ಶಕ ವೀಸಾ ಮಾಡಿಸಿಕೊಳ್ಳಬೇಕು ಎಂಬ ಸರಳ ಮಾತನ್ನು ಜಾಹೀರಾತು ಹೇಳುವುದಿಲ್ಲ.

ಫೋನಿನ ವಿಷಯವೂ ಹಾಗೆಯೇ. ಚಿಕ್ಕ ಮಕ್ಕಳ ಮೊಬೈಲನ್ನು ಬಹಳಷ್ಟು ಶಾಲೆಗಳು ತಮ್ಮಲ್ಲಿ ಇಟ್ಟುಕೊಂಡು ಸಂಜೆ ನಿಗದಿತ ಸಮಯಕ್ಕೆ ಮಾತ್ರ ಕೊಡುತ್ತವೆ. ಚಳಿಗಾಲದಲ್ಲಿ ಅಲ್ಲಿ ಸಂಜೆ ಏಳು ಎಂದರೆ ಇಲ್ಲಿ ಮಧ್ಯರಾತ್ರಿ ಹನ್ನೆರಡೂವರೆ. ಅಜ್ಜ ಅಜ್ಜಿಯ ಜೊತೆ ಮಾತು ಭಾನುವಾರಕ್ಕೆ ಸೀಮಿತವಾಗುತ್ತದೆ.

ಶಾಲೆ ಮುಚ್ಚಿದ ದಿನಗಳು

ಶಾಲೆ ಆರಿಸುವಾಗ ಎಲ್ಲರೂ ನೋಡುವುದು ಕಟ್ಟಡ, ಆಟದ ಬಯಲು, ಫಲಿತಾಂಶ. ಯಾರೂ ನೋಡದ್ದು, ಮತ್ತು ಮಗುವಿನ ಬದುಕನ್ನು ಇವೆಲ್ಲಕ್ಕಿಂತ ಹೆಚ್ಚು ಪ್ರಭಾವಿಸುವುದು, ರಜೆಯ ಪಟ್ಟಿ. ಬ್ರಿಟನ್ನಿನ ವಸತಿ ಶಾಲೆಯ ವರ್ಷ ಹೆಚ್ಚುಕಡಿಮೆ 35 ವಾರಗಳದ್ದು, ಅದನ್ನು ಟರ್ಮ್ ಎನ್ನುವ ಮೂರು ಅವಧಿಗಳಾಗಿ ಹಂಚಿರುತ್ತಾರೆ. ಕ್ರಿಸ್‌ಮಸ್, ಈಸ್ಟರ್, ಬೇಸಿಗೆ ರಜೆಗಳಿಗೆ ಮಗು ಊರಿಗೆ ಬರಬಹುದು. ಆದರೆ ಪ್ರತಿ ಟರ್ಮಿನ ನಡುವೆ ಒಂದು ವಾರ ಅಥವಾ ಎರಡು ವಾರದ ಹಾಫ್ ಟರ್ಮ್ ರಜೆ ಇರುತ್ತದೆ. ಅದರ ಆಚೀಚೆ ‘ಎಕ್ಸೀಟ್’ ಎಂದು ಕರೆಯುವ ವಾರಾಂತ್ಯಗಳಿವೆ. ಅನೇಕ ಶಾಲೆಗಳಲ್ಲಿ ಆಗ ಶುಕ್ರವಾರ ಸಂಜೆ ವಸತಿ ಗೃಹಕ್ಕೆ ಬೀಗ ಬೀಳುತ್ತದೆ, ಭಾನುವಾರ ಸಂಜೆಯೇ ತೆರೆಯುವುದು. ಉಳಿದ ಮಕ್ಕಳು ಅಪ್ಪ ಅಮ್ಮನ ಕಾರಿನಲ್ಲಿ ಮನೆಗೆ ಹೋಗುವಾಗ ಮಲೆನಾಡಿನ ಮಗು ಎಲ್ಲಿಗೆ ಹೋಗಬೇಕು?

ಇದಕ್ಕಾಗಿಯೇ ಶಾಲೆಗಳು ಬ್ರಿಟನ್ನಿನಲ್ಲಿ ನೆಲೆಸಿರುವ ಗಾರ್ಡಿಯನ್ ಒಬ್ಬರನ್ನು ಕಡ್ಡಾಯವಾಗಿ ಕೇಳುತ್ತವೆ. ಎರಡು ದಾರಿಗಳಿವೆ. ಒಂದು, ಹಣ ಪಡೆದು ಈ ಕೆಲಸ ಮಾಡುವ ಸಂಸ್ಥೆಗಳು. ಇವು ರಜೆಯ ದಿನಗಳಲ್ಲಿ ಮಗುವನ್ನು ಆತಿಥೇಯ ಕುಟುಂಬವೊಂದರಲ್ಲಿ ಇರಿಸುತ್ತವೆ. ಇವುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಈಜಿಸ್ ಎಂಬ ದತ್ತಿ ಸಂಸ್ಥೆಯಿದೆ. ಎರಡು, ನಮ್ಮವರು ಸಹಜವಾಗಿ ಯೋಚಿಸುವ ದಾರಿ: ಲಂಡನ್ನಿನಲ್ಲಿರುವ ಸಂಬಂಧಿಕರು ಅಥವಾ ಊರಿನವರು. ಇಲ್ಲಿ ಕಾನೂನು ಎಚ್ಚರ ಬೇಡುತ್ತದೆ. ಹದಿನಾರು ವರ್ಷದೊಳಗಿನ ಮಗು ಅಜ್ಜ-ಅಜ್ಜಿ, ಒಡಹುಟ್ಟಿದವರು, ಚಿಕ್ಕಪ್ಪ-ಅತ್ತೆಯಂಥ ಹತ್ತಿರದ ಬಂಧುಗಳಲ್ಲದವರ ಮನೆಯಲ್ಲಿ 28 ದಿನ ಅಥವಾ ಅದಕ್ಕಿಂತ ಹೆಚ್ಚು ಇರುವುದಾದರೆ ಬ್ರಿಟನ್ನಿನಲ್ಲಿ ಅದು ಖಾಸಗಿ ಪೋಷಣೆ ಎನಿಸಿಕೊಳ್ಳುತ್ತದೆ, ಸ್ಥಳೀಯ ಆಡಳಿತಕ್ಕೆ ತಿಳಿಸುವುದು ಕಡ್ಡಾಯ. ಅಪ್ಪನ ಸೋದರಮಾವನ ಮಗ ನಮ್ಮಲ್ಲಿ ಹತ್ತಿರದ ನೆಂಟನೇ ಇರಬಹುದು, ಅಲ್ಲಿನ ಕಾಯ್ದೆಗೆ ಅಲ್ಲ.

ಗಾರ್ಡಿಯನ್ ಆಯ್ಕೆಯನ್ನು ಔಪಚಾರಿಕತೆ ಎಂದುಕೊಳ್ಳಬಾರದು ಎನ್ನಲು ಇನ್ನೂ ಗಂಭೀರವಾದ ಕಾರಣವಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆದ ಸ್ವತಂತ್ರ ವಿಚಾರಣೆಯು ವಸತಿ ಶಾಲೆಗಳ ಕುರಿತ ವರದಿಯನ್ನು 2022ರ ಮಾರ್ಚ್‌ನಲ್ಲಿ ಪ್ರಕಟಿಸಿ, ಮನೆಯಿಂದ ದೂರವಿರುವ ಮಕ್ಕಳಿಗೆ ಅಪಾಯ ಹೆಚ್ಚೆಂದು ಹೇಳಿತು. ತನ್ನದಲ್ಲದ ಭಾಷೆಯಲ್ಲಿ, ಗುರುತಿಲ್ಲದ ದೊಡ್ಡವರ ಮುಂದೆ, ಎಂಟು ವರ್ಷದ ಮಗು ಏನನ್ನು ಎಷ್ಟು ಹೇಳೀತು ಎಂದು ಊಹಿಸುವುದು ಕಷ್ಟವಲ್ಲ. ಶಾಲೆಯ ತಪಾಸಣಾ ವರದಿ ಜಾಲತಾಣದಲ್ಲಿ ಸಿಗುತ್ತದೆ. ಅದರಲ್ಲಿ ಮೊದಲು ಓದಬೇಕಾದ್ದು ಫಲಿತಾಂಶದ ಪುಟವನ್ನಲ್ಲ, ಮಕ್ಕಳ ಸುರಕ್ಷತೆ ಮತ್ತು ವಸತಿ ಕುರಿತ ಪುಟವನ್ನು.

ಎಳೆಯ ಮನಸ್ಸು: ಎರಡು ವಾದ

ಬ್ರಿಟನ್ನಿನ ಮನೋಚಿಕಿತ್ಸಕಿ ಜಾಯ್ ಶಾವೆರಿಯನ್ 2011ರಲ್ಲಿ ‘ಬೋರ್ಡಿಂಗ್ ಸ್ಕೂಲ್ ಸಿಂಡ್ರೋಮ್’ ಎಂಬ ಹೆಸರಿಟ್ಟು ಒಂದು ವಾದ ಮಂಡಿಸಿದರು. ತೀರ ಎಳವೆಯಲ್ಲಿ ಹಾಸ್ಟೆಲಿಗೆ ಹೋದವರು ಅಗಲಿಕೆಯ ನೋವನ್ನು ಹೇಳಲಾರದೆ ಅದುಮಿಟ್ಟುಕೊಂಡು, ದೊಡ್ಡವರಾದ ಮೇಲೆ ಆಪ್ತ ಸಂಬಂಧಗಳಲ್ಲಿ ತೊಡಕು ಅನುಭವಿಸುತ್ತಾರೆ ಎಂಬುದು ಅದರ ಸಾರ. ಇನ್ನೊಂದು ಕಡೆ, ಆಸ್ಟ್ರೇಲಿಯದಲ್ಲಿ ಆಂಡ್ರ್ಯೂ ಮಾರ್ಟಿನ್ ಮತ್ತು ಸಂಗಡಿಗರು ದೊಡ್ಡ ಸಂಖ್ಯೆಯ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದ ವರದಿ, ಹಾಸ್ಟೆಲಿನಲ್ಲಿದ್ದವರಿಗೂ ಮನೆಯಿಂದ ಹೋಗಿ ಬರುವವರಿಗೂ ಕಲಿಕೆಯ ಉತ್ಸಾಹ ಮತ್ತು ಮನಸ್ಸಿನ ನೆಮ್ಮದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಕೆಲವು ಅಂಶಗಳಲ್ಲಿ ಹಾಸ್ಟೆಲಿನವರೇ ತುಸು ಮುಂದಿದ್ದರು ಎಂದಿತು.

ಎರಡೂ ಪಕ್ಷದವರು ತಮಗೆ ಬೇಕಾದ್ದನ್ನು ಎತ್ತಿ ಹೇಳುತ್ತಾರೆ. ಶಾವೆರಿಯನ್ ಕಂಡದ್ದು ಚಿಕಿತ್ಸೆಗೆ ಬಂದವರನ್ನು; ನೆಮ್ಮದಿಯಾಗಿದ್ದವರು ಚಿಕಿತ್ಸಾಲಯದ ಬಾಗಿಲಿಗೆ ಬರುವುದಿಲ್ಲವಾದ್ದರಿಂದ ಅದನ್ನು ಎಲ್ಲರಿಗೂ ಅನ್ವಯಿಸಲಾಗದು. ಮಾರ್ಟಿನ್ ತಂಡ ನೋಡಿದ್ದು ಪ್ರೌಢಶಾಲೆಯ ಮಕ್ಕಳನ್ನು; ಹದಿನೈದು ವರ್ಷದವರ ಬಗೆಗಿನ ಫಲಿತಾಂಶವನ್ನು ಎಂಟು ವರ್ಷದ ಮಗುವಿಗೆ ಹೊಂದಿಸುವುದೂ ಅಷ್ಟೇ ತಪ್ಪು. ಹೀಗೆ ನೋಡಿದರೆ ಎರಡು ವಾದಗಳು ನೇರವಾಗಿ ಡಿಕ್ಕಿ ಹೊಡೆಯುವುದೇ ಇಲ್ಲ. ಹದಿಹರೆಯದವರಿಗೆ ವಸತಿ ಶಾಲೆ ಸಾಮಾನ್ಯವಾಗಿ ಹಾನಿಯಲ್ಲ, ಎಳೆಯರ ವಿಷಯದಲ್ಲಿ ಹುಷಾರಾಗಿರಬೇಕು ಎಂದು ಎರಡನ್ನೂ ಒಟ್ಟಿಗೆ ಒಪ್ಪಲು ಅಡ್ಡಿಯಿಲ್ಲ.

ಬೇಗ ಹೋದವರಿಗೆ ಏನು ಲಾಭ?

ಎಳವೆಯಲ್ಲೇ ಕಳಿಸಬೇಕೆನ್ನುವವರ ಮುಖ್ಯ ನಂಬಿಕೆ, ಮೊದಲು ಹೋದವರಿಗೆ ಮುಂದಿನ ದಾರಿ ಸಲೀಸು ಎಂಬುದು. ನಿಯಮಗಳನ್ನು ಓದಿದರೆ ಇದಕ್ಕೆ ಆಧಾರ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಹತ್ತು ವರ್ಷ ಶಾಲೆ ಓದಿದ ಭಾರತೀಯ ವಿದ್ಯಾರ್ಥಿಯೂ ವಿಶ್ವವಿದ್ಯಾಲಯಕ್ಕೆ ಬಂದಾಗ ಸಾಮಾನ್ಯವಾಗಿ ವಿದೇಶಿ ವಿದ್ಯಾರ್ಥಿಯ ಶುಲ್ಕವನ್ನೇ ಕಟ್ಟುತ್ತಾನೆ, ಏಕೆಂದರೆ ಮುಖ್ಯವಾಗಿ ಓದಿಗೆಂದೇ ಅಲ್ಲಿದ್ದ ಅವಧಿಯನ್ನು ಸ್ಥಳೀಯ ಶುಲ್ಕದ ಅರ್ಹತೆಗೆ ಲೆಕ್ಕ ಹಿಡಿಯುವುದಿಲ್ಲ. ಚೈಲ್ಡ್ ಸ್ಟೂಡೆಂಟ್ ವೀಸಾದಲ್ಲಿ ಸರ್ಕಾರಿ ಶಾಲೆಗೆ ಸೇರುವಂತಿಲ್ಲವಾದ್ದರಿಂದ, ಹಣ ಕಡಿಮೆಯಾದಾಗ ಹತ್ತಿರದ ಸರ್ಕಾರಿ ಶಾಲೆಗೆ ಬದಲಾಯಿಸುವ ದಾರಿಯೂ ಮುಚ್ಚಿದೆ. ಇನ್ನು ಪ್ರವೇಶ: ಬ್ರಿಟನ್ನಿನ ದೊಡ್ಡ ಶಾಲೆಗಳಿಗೆ ಹನ್ನೊಂದು, ಹದಿಮೂರು ಮತ್ತು ಹದಿನಾರನೇ ವಯಸ್ಸುಗಳೇ ಸೇರ್ಪಡೆಯ ಮೆಟ್ಟಿಲು. ಎಂಟಕ್ಕೆ ಹೋಗದವನಿಗೆ ಬಾಗಿಲು ಮುಚ್ಚುವುದಿಲ್ಲ.

ಬೇಗ ಹೋದರೆ ಸಿಗುವುದು ಒಂದು, ಉಚ್ಚಾರಣೆ ಸಮೇತ ಇಂಗ್ಲಿಷ್. ಅದು ನಿಜವಾದ ಲಾಭ, ಅಲ್ಲಗಳೆಯಬೇಕಿಲ್ಲ. ಆದರೆ ಎರಡನೇ ತರಗತಿ ಮುಗಿಸಿ ಹೋದ ಮಗು ಕನ್ನಡವನ್ನು ಮಾತಿನಲ್ಲಿ ಉಳಿಸಿಕೊಂಡರೂ ಓದಿನಲ್ಲಿ ಉಳಿಸಿಕೊಳ್ಳುವುದು ಅಪರೂಪ. ರಜೆಯಲ್ಲಿ ಬಂದಾಗ ಕಲಿಸುತ್ತೇವೆ ಎನ್ನುವವರು ಎಂಟು ವಾರದ ಬೇಸಿಗೆ ರಜೆಯಲ್ಲಿ ಎಷ್ಟು ದಿನ ನೆಂಟರ ಮನೆಗೆ ಹೋಗುತ್ತದೆ ಎಂದು ಲೆಕ್ಕ ಹಾಕುವುದಿಲ್ಲ.

ಮರಳಿ ಬರುವ ದಾರಿಯನ್ನೂ ಮೊದಲೇ ನೋಡಿಟ್ಟುಕೊಳ್ಳಬೇಕು. ಕರ್ನಾಟಕದ ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಕೇಳಲು ಇರುವ ಸಾಮಾನ್ಯ ಅರ್ಹತೆಯೆಂದರೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯನ್ನು ಇಲ್ಲೇ ಪಾಸಾಗಿರುವುದು. ಏಳನೇ ತರಗತಿ ಮುಗಿಸಿ ಹೋಗಿ ಪಿಯುಸಿಗೆ ಮರಳಿದವನು ಇದನ್ನು ನಿರಾಯಾಸವಾಗಿ ದಾಟುತ್ತಾನೆ. ಮೂರನೇ ತರಗತಿಗೆ ಹೋದವನಿಗೆ ನಾಲ್ಕೇ ವರ್ಷ ಆಗುತ್ತದೆ. ತಂದೆ ಅಥವಾ ತಾಯಿ ರಾಜ್ಯದಲ್ಲಿ ಏಳು ವರ್ಷ ಓದಿದ್ದರೆ ಸಹಾಯಕ್ಕೆ ಬರುವ ಇನ್ನೊಂದು ಕಲಮು ಇದೆ, ಆದರೆ ಅದಕ್ಕೂ ಪಿಯುಸಿಯ ಎರಡೂ ವರ್ಷ ಇಲ್ಲೇ ಓದಿರಬೇಕು. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕಾದ್ದರಿಂದ, ಹೊಸನಗರದ ಹಳ್ಳಿಯ ಮಗು ವಿಮಾನ ಹತ್ತಿದ ದಿನವೇ ಆ ಹಕ್ಕನ್ನು ಬಿಟ್ಟುಕೊಟ್ಟಂತೆ.

ಬೇರೆ ದೇಶಗಳಾದರೆ?

ವ್ಯಾಟ್ ತಪ್ಪಿಸಲು ಬೇರೆ ದೇಶ ನೋಡುವವರಿಗೆ ನಿಯಮಗಳು ಬದಲಾಗುತ್ತವೆ, ಪ್ರಶ್ನೆ ಬದಲಾಗುವುದಿಲ್ಲ. ಕೆನಡಾಕ್ಕೆ ಒಂಟಿಯಾಗಿ ಹೋಗುವ ಚಿಕ್ಕ ಮಕ್ಕಳಿಗೆ ಅಲ್ಲಿನ ನಿವಾಸಿಯೊಬ್ಬರು ನೋಟರಿ ಮಾಡಿದ ಪತ್ರದೊಂದಿಗೆ ಪೋಷಕರಾಗಿ ನಿಲ್ಲಬೇಕು. ಆಸ್ಟ್ರೇಲಿಯ 18 ವರ್ಷದೊಳಗಿನವರ ವಸತಿ ಮತ್ತು ಯೋಗಕ್ಷೇಮದ ಏರ್ಪಾಟನ್ನು ವೀಸಾಕ್ಕೆ ಮೊದಲೇ ಕೇಳುತ್ತದೆ. ಅಲ್ಲಿ ವೀಸಾ ಅರ್ಜಿ ಶುಲ್ಕವೇ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್. ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಸರ್ಕಾರಿ ಪ್ರಾಥಮಿಕ ಶಾಲೆ ಇಲ್ಲವೇ ಇಲ್ಲ. ಸ್ವಿಟ್ಜರ್ಲೆಂಡಿನ ಹೆಸರಾಂತ ಶಾಲೆಗಳ ಶುಲ್ಕ ವರ್ಷಕ್ಕೆ ಒಂದು ಲಕ್ಷ ಸ್ವಿಸ್ ಫ್ರಾಂಕ್ ದಾಟುತ್ತದೆ, ಆ ಮಾತು ಅಲ್ಲಿಗೇ ಬಿಡಬಹುದು. ಬ್ರಿಟಿಷ್ ಪಠ್ಯಕ್ರಮವೇ ಮುಖ್ಯವೆನ್ನುವವರಿಗೆ ಮಲೇಷ್ಯಾ ಮತ್ತು ಥಾಯ್ಲೆಂಡಿನಲ್ಲಿ ಇಂಗ್ಲೆಂಡಿನ ಹಳೆಯ ಶಾಲೆಗಳ ಶಾಖೆಗಳಿವೆ. ಅಂಥ ಶಾಲೆಗಳಲ್ಲಿ ಒಂದಾದ ಹ್ಯಾರೋದ ಶಾಖೆ 2023ರಲ್ಲಿ ಬೆಂಗಳೂರಿಗೇ ಬಂದಿದೆ.

ಸಹಿ ಹಾಕುವ ಮುನ್ನ

ಎಲ್ಲವನ್ನೂ ತೂಗಿಯೂ ಕಳಿಸಲು ನಿರ್ಧರಿಸಿದ ಕುಟುಂಬ ಶಾಲೆಯ ಒಪ್ಪಂದದಲ್ಲಿ ಹುಡುಕಬೇಕಾದ ಒಂದು ಷರತ್ತಿದೆ. ಮಗುವನ್ನು ಬಿಡಿಸಿಕೊಳ್ಳಲು ಪೂರ್ತಿ ಒಂದು ಟರ್ಮಿನ ಮುನ್ಸೂಚನೆ ಕೊಡಬೇಕು, ಇಲ್ಲದಿದ್ದರೆ ಮುಂದಿನ ಟರ್ಮಿನ ಶುಲ್ಕ ಕಟ್ಟಬೇಕು ಎಂಬುದು ಬ್ರಿಟನ್ನಿನ ಖಾಸಗಿ ಶಾಲೆಗಳಲ್ಲಿ ಸಾಮಾನ್ಯ. ಸೆಪ್ಟೆಂಬರ್‌ನಲ್ಲಿ ಸೇರಿದ ಮಗು ಅಕ್ಟೋಬರ್ ಕೊನೆಯ ಹಾಫ್ ಟರ್ಮ್ ಹೊತ್ತಿಗೂ ಹೊಂದಿಕೊಳ್ಳದೆ ಅಳುತ್ತಿದ್ದು, ಕ್ರಿಸ್‌ಮಸ್‌ಗೆ ಕರೆತಂದು ಮತ್ತೆ ಕಳಿಸದಿರಲು ಮನೆಯವರು ತೀರ್ಮಾನಿಸಿದರೂ, ಜನವರಿಯ ಟರ್ಮಿನ ಶುಲ್ಕ ತಪ್ಪುವುದಿಲ್ಲ. ಮೇಲಿನ ಉದಾಹರಣೆಯ ಶಾಲೆಯಲ್ಲಿ ಅದು 14,000 ಪೌಂಡ್, ಅಂದರೆ 16 ಲಕ್ಷ 80 ಸಾವಿರ ರೂಪಾಯಿ. ಇಷ್ಟು ಹಣ ಸಿಕ್ಕಿಬಿದ್ದಾಗ ‘ಇನ್ನೊಂದು ಟರ್ಮ್ ನೋಡೋಣ’ ಎಂಬ ಮಾತು ಮಗುವಿನ ಹಿತ ನೋಡಿ ಬರುವುದಿಲ್ಲ.

ಮೊದಲ ಟರ್ಮಿನ ಮಟ್ಟಿಗಾದರೂ ಈ ಷರತ್ತನ್ನು ಸಡಿಲಿಸುವಂತೆ ಲಿಖಿತವಾಗಿ ಕೇಳಬಹುದು. ಹಾಸಿಗೆ ಖಾಲಿಯಿರುವ ಈ ಕಾಲದಲ್ಲಿ ಶಾಲೆಗಳು ಒಪ್ಪಿದರೂ ಒಪ್ಪಿಯಾವು. ಅದಕ್ಕಿಂತ ಅಗ್ಗದ ಪರೀಕ್ಷೆಯೂ ಒಂದಿದೆ. ಬ್ರಿಟನ್ನಿನ ಅನೇಕ ವಸತಿ ಶಾಲೆಗಳ ಆವರಣಗಳಲ್ಲಿ ಜುಲೈ-ಆಗಸ್ಟ್‌ನಲ್ಲಿ ವಿದೇಶಿ ಮಕ್ಕಳಿಗೆ ಎರಡು-ಮೂರು ವಾರದ ಶಿಬಿರ ನಡೆಯುತ್ತದೆ. ಸಂದರ್ಶಕ ವೀಸಾದಲ್ಲೇ ಹೋಗಬಹುದು, ಅಮ್ಮನೋ ಅಪ್ಪನೋ ಅದೇ ಊರಿನಲ್ಲಿ ತಂಗಬಹುದು, ಮಗು ಅಪರಿಚಿತ ಕೋಣೆಯಲ್ಲಿ ಮಲಗಿ ಎದ್ದು ಹೇಗಿದೆ ಎಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ತಿಳಿಯುತ್ತದೆ. ಜುಲೈನಲ್ಲಿ ಮಲೆನಾಡಿನ ಶಾಲೆಗಳಿಗೆ ಹೇಗೂ ಮಳೆ ರಜೆ ಬೀಳುವುದುಂಟಾದ್ದರಿಂದ, ತಪ್ಪುವ ಪಾಠವೂ ಹೆಚ್ಚೇನಿರುವುದಿಲ್ಲ.